ಜೇಡಮ್ಮ ಸಡಿಲ ಬಿಟ್ಟ ಎಳೆ

ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಜೇಡಮ್ಮನ ಕೆಲಸ ಜೇಡ ಸಾಕುವುದು. ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಮೈ ಕೆರೆದುಕೊಳ್ಳುತ್ತಿದ್ದರು. ನಗುವವರು ನಗಲಿ. ಯಾವ ನಕ್ಷತ್ರ ಎಲ್ಲಿದೆ ಎಂದು ಇವತ್ತು ಬೆರಳಿಟ್ಟು ತೋರಿಸುವ ಪಂಡಿತರೆಲ್ಲ ಒಂದು ಕಾಲದಲ್ಲಿ ಇಂಥ ಜೇಡಗಳ ಋಣದಲ್ಲಿದ್ದವರೇ.

ಅವಳು ಅಲ್ಲಿಗೆ ಬಂದದ್ದು ಕಸ ಗುಡಿಸಲು. ಗಂಡ ಕುಡಿದು ಬಡಿಯುತ್ತಿದ್ದವನು, ಕುಡಿದೇ ಸತ್ತ. ಕಂಕುಳಲ್ಲಿ ಮಗಳು, ಕೈಯಲ್ಲಿ ಪೊರಕೆ. ಬಂದ ಹೊಸತರಲ್ಲಿ ದೊಡ್ಡ ದುರ್ಬೀನಿನ ಬುಡದಲ್ಲಿ ಬಲೆ ಕಂಡು ಪೊರಕೆ ಎತ್ತಿದಳು. "ಏಯ್, ನಿಲ್ಸು ನಿಲ್ಸು" ಎಂದು ಕೂಗುತ್ತ ಓಡಿ ಬಂದವರು ಅಲ್ಲಿನ ಮುಖ್ಯ ಖಗೋಳಶಾಸ್ತ್ರಿ, ಎಲ್ಲರ ಬಾಯಲ್ಲೂ ಬರೀ 'ದೊಡ್ಡವರು'. ಇದ್ದ ಕೆಲಸವೂ ಹೋಯಿತು ಎಂದುಕೊಂಡಳು. ದೊಡ್ಡವರು ಪೊರಕೆ ಕಿತ್ತುಕೊಂಡು ಮೂಲೆಗೆಸೆದು, ಆ ಜೇಡವನ್ನು ಹುಷಾರಾಗಿ ಒಂದು ತಗಡಿನ ಡಬ್ಬಿಗೆ ಹಾಕಿ ಅವಳ ಕೈಗಿಟ್ಟರು.

"ನೋಡಮ್ಮ, ನಕ್ಷತ್ರ ಒಂದು ಗೆರೆ ದಾಟೋದನ್ನ ನಾವು ಕಾಯ್ತೀವಿ. ದಾಟಿದ ಕ್ಷಣ ಗಡಿಯಾರ ನೋಡ್ತೀವಿ. ನಕ್ಷತ್ರದ ಜಾಗವೂ ಗೊತ್ತಾಗುತ್ತೆ, ಊರಿನ ಹೊತ್ತೂ ಸರಿಹೋಗುತ್ತೆ. ಆ ಗೆರೆ ದುರ್ಬೀನಿನ ಒಳಗಿರಬೇಕು. ಕೂದಲು ಹಾಕಿ ನೋಡಿದರು, ರೇಷ್ಮೆ ಹಾಕಿ ನೋಡಿದರು. ಎಲ್ಲ ದಪ್ಪ. ನಕ್ಷತ್ರ ಕಂಬದ ಹಿಂದೆ ನಿಂತ ಹಾಗೆ ಮರೆಯಾಗಿಬಿಡುತ್ತೆ. ಜೇಡರ ಎಳೆ ಒಂದೇ ಅದಕ್ಕೆ ಸರಿ."

"ಇದನ್ನ ಯಾರು ಕಂಡುಹಿಡಿದ್ರು ಸ್ವಾಮಿ?"

"ಕಂಡುಹಿಡಿದಿದ್ದು ಜೇಡವೇ ಅಂತಾರೆ. ಹಿಂದೆ ಯಾವನೋ ಹುಡುಗನ ದುರ್ಬೀನಿನೊಳಗೆ ನುಗ್ಗಿ ಎಳೆ ಕಟ್ಟಿತ್ತಂತೆ. ಅವನು ಕಣ್ಣಿಟ್ಟು ನೋಡಿದಾಗ ಎಳೆಯೂ ಆಕಾಶವೂ ಒಟ್ಟಿಗೇ ಸ್ಪಷ್ಟವಾಗಿ ಕಂಡಿದ್ದವಂತೆ."

"ಆಮೇಲೆ ಅವನು ತುಂಬ ದೊಡ್ಡ ಮನುಷ್ಯ ಆದನಾ?"

"ಎಲ್ಲಿ. ಯುದ್ಧಕ್ಕೆ ಹೋಗಿ ಸತ್ತ."

ಆ ಮಾತನ್ನು ಅವಳು ಆಗ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಜೇಡಗಳನ್ನು ಪಳಗಿಸುವುದರಲ್ಲೇ ಮುಳುಗಿದ್ದಳು. ಒಂದೊಂದಕ್ಕೂ ಒಂದೊಂದು ಡಬ್ಬಿ. ಎರಡನ್ನು ಒಟ್ಟಿಗೆ ಬಿಟ್ಟರೆ ಬೆಳಗಾಗುವುದರೊಳಗೆ ಒಂದು ಇನ್ನೊಂದನ್ನು ತಿಂದು ಕಾಲುಗಳನ್ನಷ್ಟೇ ಉಳಿಸುತ್ತಿತ್ತು. ಕಡ್ಡಿಯ ಮೇಲೆ ಕೂರಿಸಿ ಒಮ್ಮೆ ಕೊಡವಿದರೆ ಜೇಡ ಬೀಳುತ್ತದೆ, ಬೀಳುವಾಗ ಎಳೆ ಬಿಡುತ್ತದೆ. ಆ ಎಳೆಯನ್ನು ಕವಲು ತಂತಿಗೆ ಸುತ್ತಿಕೊಳ್ಳಬೇಕು. ದುರ್ಬೀನಿನೊಳಗೆ ಕೂರುವ ಹಿತ್ತಾಳೆ ಬಳೆಗೆ ಅದನ್ನು ಕಟ್ಟುವಾಗ ಬಾಯಿಯ ಹಬೆ ಹಾಯಿಸಿ, ತೇವದಲ್ಲೇ ಚೆನ್ನಾಗಿ ಎಳೆದು, ಎರಡು ತುದಿಗೂ ಅರಗು ಮೆತ್ತಬೇಕು. ತೇವದಲ್ಲಿ ಎಳೆ ಉದ್ದವಾಗುತ್ತದೆ, ಒಣಗಿದರೆ ಬಿಗಿಯುತ್ತದೆ. ಒಣಗಿದ ಎಳೆಯನ್ನು ಹಾಗೇ ಸಡಿಲವಾಗಿ ಕಟ್ಟಿದರೆ ಮುಗಿಯಿತು, ಮೊದಲ ಮಂಜಿಗೇ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬೀಳುತ್ತದೆ.

ಕಲಿಯುವಾಗ ಅವಳು ಒಮ್ಮೆ ಹಾಗೆ ಕಟ್ಟಿದ್ದಳು. ದೊಡ್ಡವರ ಲೆಕ್ಕವೆಲ್ಲ ಹಾಳಾಯಿತು. ಬೈದು ಮುಗಿದ ಮೇಲೆ ಅವರೇ ಕೂರಿಸಿಕೊಂಡು ವಿವರಿಸಿದರು: "ದುರ್ಬೀನಿನ ಒಳಗೆ ಎಲ್ಲ ತಲೆಕೆಳಗು ಅಲ್ವಾ? ಅದಕ್ಕೇ ಎಳೆ ಕೆಳಗೆ ಜೋತರೆ, ನಕ್ಷತ್ರವನ್ನ ಅದರ ಮೇಲೆ ತರೋಕೆ ನಾನು ದುರ್ಬೀನನ್ನ ಬಗ್ಗಿಸಿಬಿಡ್ತೀನಿ. ಮೂತಿ ಕೆಳಗಾಗುತ್ತೆ."

ತಲೆಕೆಳಗು ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದಳು. ದಡದಲ್ಲೇ ಕಂಬಳಿ ಗಿರಣಿ, ಅದರ ಹಿಂದಿನ ಇಳಿಜಾರಿನಲ್ಲಿ ಗಿರಣಿ ಕೆಲಸದವರ ಮನೆಗಳು. ಮಗಳೂ ಅಳಿಯನೂ ಗಿರಣಿಗೆ ಹೋಗುತ್ತಿದ್ದರು, ಮೊಮ್ಮಗಳನ್ನು ಬೀಗಿತಿ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ತಾರಸಿಯ ಸಣ್ಣ ದುರ್ಬೀನಿಗೆ ಕಣ್ಣಿಟ್ಟರೆ ಇಡೀ ಊರು ಬಾವಲಿಯಂತೆ ನೇತಾಡುತ್ತ ಕಾಣುತ್ತಿತ್ತು. ಮೇಲೆ ಹೊಳೆ, ಕೆಳಗೆ ಮನೆಗಳು. ಮಗಳು ಬಾಗಿಲ ಮುಂದೆ ಕೆಂಪು ಕಂಬಳಿ ಹರವಿದ್ದರೆ ಎಲ್ಲ ಚೆನ್ನಾಗಿದೆ ಎಂದು ಅರ್ಥ.

ಬೀಗಿತಿಗೂ ಇವಳಿಗೂ ಮಾತ್ರ ಎಣ್ಣೆ ಸೀಗೆಕಾಯಿ. "ಹುಳ ಸಾಕೋಳ ಮಗಳು, ಮನೆ ತುಂಬ ಬಲೆ ಕಟ್ಟದಿದ್ರೆ ಸಾಕು" ಎಂದು ಮದುವೆಯ ದಿನವೇ ಮೂಗು ಮುರಿದಿದ್ದವಳು ಬೀಗಿತಿ. "ನೋಡು, ಇವತ್ತೂ ತಲೆ ಕೆಳಗೆ ಮಾಡಿ ನಿಂತಿದ್ದಾಳೆ, ಬುದ್ಧಿ ಎಲ್ಲಿಂದ ಬರಬೇಕು" ಎಂದು ಜೇಡಮ್ಮ ದುರ್ಬೀನಿನಿಂದಲೇ ಸೇಡು ತೀರಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಯುದ್ಧ ಬಂತು. ಈ ದಡ ಒಬ್ಬರದ್ದಾಯಿತು, ಆ ದಡ ಇನ್ನೊಬ್ಬರದ್ದು. ಸೇತುವೆಯನ್ನು ಹಗಲಲ್ಲೇ, ಜನ ದಾಟುತ್ತಿರುವಾಗಲೇ ಸಿಡಿಸಿದರು. ಎಷ್ಟೋ ದಿನ ಹೊಳೆಯ ಬದಿಗೆ ಯಾರೂ ನೀರಿಗೆ ಹೋಗಲಿಲ್ಲ. ಎತ್ತರದ ಜಾಗ ಎಂದು ಸೈನ್ಯ ಗುಡ್ಡಕ್ಕೆ ಬಂತು. ಗೇಟಿನವನು ಬೀಗದ ಕೈ ಹುಡುಕುತ್ತ ತಡ ಮಾಡಿದ. ಕ್ಯಾಪ್ಟನ್ ಅವನ ಎದೆಗೆ ಗುಂಡು ಹೊಡೆದ. ಬೀಗದ ಕೈ ಸತ್ತವನ ಮುಷ್ಟಿಯಲ್ಲೇ ಸಿಕ್ಕಿತು. ಆಮೇಲೆ ಅಂಗಳದಲ್ಲಿ ಮೂರು ಫಿರಂಗಿ ಸಾಲಾಗಿ ನಿಂತವು, ಗುಮ್ಮಟದೊಳಗೆ ಸಿಪಾಯಿಗಳು ಒಲೆ ಹೂಡಿದರು, ನಕ್ಷತ್ರದ ಚಿತ್ರಗಳ ಗಾಜಿನ ಹಲಗೆಗಳ ಮೇಲೆ ಬೂಟಿಟ್ಟು ನಡೆದರು. ದೊಡ್ಡವರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರ ಭುಜ ಅಲುಗುತ್ತಿದ್ದುದನ್ನು ಜೇಡಮ್ಮ ಮೊದಲ ಸಲ ಕಂಡಳು.

ಕ್ಯಾಪ್ಟನ್ ಅವಳ ಕೋಣೆಗೆ ಬಂದು ಮೂರು ಹಿತ್ತಾಳೆ ಬಳೆಗಳನ್ನು ಮೇಜಿನ ಮೇಲೆ ಎಸೆದ. ಫಿರಂಗಿಗಳ ಗುರಿಯ ದುರ್ಬೀನಿನ ಬಳೆಗಳು. ದಾರಿಯಲ್ಲಿ ಕುಲುಕಾಡಿ ಎಳೆಗಳೆಲ್ಲ ಹರಿದಿದ್ದವು.

"ನಾಳೆ ಬೆಳಿಗ್ಗೆಯೊಳಗೆ ಬೇಕು."

"ಯಾವುದಕ್ಕೆ ಗುರಿ ಇಡ್ತೀರಾ?"

"ಗಿರಣಿಗೆ. ಅಲ್ಲಿ ಅವರ ಸೈನ್ಯ ಕೂತಿದೆ."

"ಅಲ್ಲಿ ಕೆಲಸದವರೂ ಇದ್ದಾರಲ್ಲ. ಸೈನ್ಯಕ್ಕೆ ಕಂಬಳಿ ನೇಯಿ ಅಂತ ಅವರನ್ನ ಒಳಗೇ ಕೂಡಿಹಾಕಿದ್ದಾರೆ. ನನ್ನ ಮಗಳೂ ಅಲ್ಲೇ ಇದ್ದಾಳೆ."

ಕ್ಯಾಪ್ಟನ್ ಒಂದು ಡಬ್ಬಿಯ ಮುಚ್ಚಳ ತೆಗೆದು ಬಗ್ಗಿಸಿದ. ಕೆಳಗೆ ಬಿದ್ದ ಜೇಡವನ್ನು ಬೂಟಿನಲ್ಲಿ ಒರೆಸಿದ. "ಕಟ್ಟಲ್ಲ ಅಂದರೆ ನಿಮ್ಮ ಆ ಮುದುಕನ್ನ ಗೇಟಿನವನ ಪಕ್ಕ ಮಲಗಿಸ್ತೀನಿ" ಎಂದು ಹೇಳಿ ಹೋದ.

ಕಟ್ಟಿದರೆ ಮಗಳು, ಕಟ್ಟದಿದ್ದರೆ ದೊಡ್ಡವರು. ಖಾಲಿ ಬಳೆಗಳನ್ನು ಒರೆಸುತ್ತಿದ್ದಾಗ ಜೇಡಮ್ಮನಿಗೆ ತಾನು ಹಿಂದೆ ಮಾಡಿದ ತಪ್ಪು ನೆನಪಾಯಿತು. ಎಳೆ ಜೋತರೆ ಮೂತಿ ಕೆಳಗಾಗುತ್ತದೆ. ಮೂತಿ ಕೆಳಗಾದರೆ ಗುಂಡು ಗಿರಣಿ ಮುಟ್ಟುವುದಿಲ್ಲ, ಹೊಳೆಗೆ ಬೀಳುತ್ತದೆ. ನಾಲ್ಕು ಗುಂಡು ನೀರುಪಾಲಾದರೆ ದುರ್ಬೀನು ರಿಪೇರಿಗೆ ಬರುತ್ತದೆ. ರಿಪೇರಿ ತನ್ನ ಕೈಯಲ್ಲೇ ಇದೆ, ಎಷ್ಟು ದಿನ ಬೇಕಾದರೂ ಎಳೆಯಬಹುದು. ಒಲೆಯ ಹತ್ತಿರ ಎಳೆಗಳನ್ನು ಗರಿಗರಿಯಾಗಿ ಒಣಗಿಸಿದಳು. ಸಡಿಲವಾಗಿ ಕಟ್ಟಿ ಅರಗು ಮೆತ್ತಿದಳು. ಕಣ್ಣಿಗೆ ನೆಟ್ಟಗೇ ಕಾಣುತ್ತಿದ್ದವು. ಬಳೆಗಳನ್ನು ಸಿಪಾಯಿಗಳೇ ಒಯ್ದು ದುರ್ಬೀನಿಗೆ ಕೂರಿಸಿಕೊಂಡರು, ಒಳಗೆ ನೋಡುವ ಅವಕಾಶ ಅವಳಿಗೆ ಸಿಗಲಿಲ್ಲ.

ಬೆಳಿಗ್ಗೆ ಹೊಳೆಯಿಂದ ಮಂಜು ಎದ್ದು ಗುಡ್ಡವನ್ನೆಲ್ಲ ತೋಯಿಸಿತ್ತು. ಇನ್ನೇನು ಬೇಕು ಎಂದು ಜೇಡಮ್ಮ ತಾರಸಿ ಹತ್ತಿದಳು, ದೊಡ್ಡವರೂ ಬಂದು ಪಕ್ಕದಲ್ಲಿ ನಿಂತರು. ಮಂಜು ತೆಳುವಾಗಿ ಗಿರಣಿಯ ಚಿಮಣಿ ಕಾಣುತ್ತಲೇ ಮೊದಲ ಫಿರಂಗಿ ಗುಡುಗಿತು. ಅವಳು ಹೊಳೆಯನ್ನೇ ದಿಟ್ಟಿಸಿದಳು. ನೀರು ಅಲುಗಲಿಲ್ಲ. ಗಿರಣಿಯ ಹಿಂದೆ, ಇಳಿಜಾರಿನ ನಡುವೆ, ಒಂದು ಮನೆಯ ಮಾಡು ಮೇಲೆದ್ದು ಚೂರಾಯಿತು. ಎರಡನೆಯ ಗುಂಡು ಹಾರಿತು. ಅದೂ ಅಲ್ಲೇ.

"ನೀರಿಗೆ ಬೀಳಬೇಕಿತ್ತು" ಎಂದಳು. ಬಾಯಿ ತಪ್ಪಿ ಬಂದ ಮಾತು. "ಎಳೆ ಜೋತರೆ ಮೂತಿ ಕೆಳಗಾಗುತ್ತೆ ಅಂದಿದ್ರಲ್ಲ ನೀವು."

ದೊಡ್ಡವರು ನಿಧಾನವಾಗಿ ಅವಳ ಕಡೆ ತಿರುಗಿದರು. "ಅದು ನಮ್ಮ ದುರ್ಬೀನಿಗೆ ಕಣಮ್ಮ. ನಕ್ಷತ್ರಕ್ಕೆ ತಲೆ ಯಾವುದು, ಕಾಲು ಯಾವುದು? ಸಿಪಾಯಿಗೆ ಶತ್ರು ತಲೆಕೆಳಗೆ ಕಂಡರೆ ಆಗಲ್ಲ. ಅವರದರಲ್ಲಿ ಇನ್ನೊಂದು ಗಾಜು ಹಾಕಿ ನೆಟ್ಟಗೆ ಮಾಡಿರ್ತಾರೆ, ಎಳೆ ಅದರ ಈಚೆ ಇರುತ್ತೆ. ಅಲ್ಲಿ ಎಳೆ ಜೋತರೆ ಮೂತಿ..."

ಮೂತಿ ಮೇಲಾಗುತ್ತದೆ.

ಅವಳು ಮೆಟ್ಟಿಲು ಇಳಿದದ್ದಲ್ಲ, ಉರುಳಿದ್ದು. "ಗುರಿ ತಪ್ತಿದೆ, ನಿಲ್ಸಿ, ಎಳೆ ಸರಿ ಇಲ್ಲ, ಬೇರೆ ಕಟ್ಕೊಡ್ತೀನಿ" ಎಂದು ಕ್ಯಾಪ್ಟನ್‌ನ ತೋಳು ಹಿಡಿದಳು.

"ತಪ್ಪಿದರೆ ತಪ್ಪಲಿ" ಎಂದ ಅವನು, ಕಣ್ಣಿನಿಂದ ದುರ್ಬೀನು ತೆಗೆಯದೆ. "ನೀರಿಗೆ ಬಿದ್ದರೆ ನಷ್ಟ. ಮನೆಗಳ ಮೇಲೆ ಬಿದ್ದರೆ ಏನು ನಷ್ಟ? ಬಿಸಿಲು ಬಂತು, ನೋಡು, ಗುಂಡು ತಾನಾಗೇ ಕೆಳಗೆ ಬರ್ತಿದೆ."

ನಿಜ. ಬಿಸಿಲಿಗೆ ಎಳೆ ಒಣಗಿ ಬಿಗಿಯುತ್ತಿತ್ತು. ಗುಂಡುಗಳು ಇಳಿಜಾರಿನಲ್ಲಿ ಒಂದೊಂದೇ ಮನೆ ಇಳಿದು ಗಿರಣಿಯ ಕಡೆಗೆ ಬರುತ್ತಿದ್ದವು. ಅವಳು ಮೊದಲ ಫಿರಂಗಿಗೆ ನುಗ್ಗಿ, ಡಬ್ಬಿಯ ಮುಚ್ಚಳದಂತೆ ದುರ್ಬೀನಿನ ಕಣ್ಣುಗಾಜು ತಿರುಚಿ ತೆಗೆದು, ಒಳಗೆ ಬೆರಳು ತೂರಿ ಎಳೆ ಹರಿದಳು. ಸಿಪಾಯಿ ಏನಾಯಿತೆಂದು ನೋಡುವುದರೊಳಗೆ ಎರಡನೆಯದೂ ಕುರುಡಾಗಿತ್ತು. ಮೂರನೆಯ ಫಿರಂಗಿಯ ಸಿಪಾಯಿ ಅವಳ ಜುಟ್ಟು ಹಿಡಿದ. ನೆಲದಲ್ಲಿದ್ದ ಸ್ಪ್ಯಾನರ್ ಕೈಗೆ ಸಿಕ್ಕಿತು. ಮೊದಲ ಏಟು ಅವನ ಮೊಣಕಾಲಿಗೆ, ಎರಡನೆಯದು ದುರ್ಬೀನಿಗೆ. ಗಾಜು ಸಿಡಿದು ಅವಳ ಮುಖಕ್ಕೇ ಬಡಿಯಿತು. ಕ್ಯಾಪ್ಟನ್ ಅವಳ ಬಲಗೈಯನ್ನು ಫಿರಂಗಿಯ ಚಕ್ರದ ಮೇಲೆ ಒತ್ತಿ ಹಿಡಿದು ಬಂದೂಕಿನ ಹಿಡಿಯಿಂದ ಜಜ್ಜಿದ. ಮೂಳೆ ಮುರಿದ ಸದ್ದು ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು.

"ಈಗ ಹೊಸ ಎಳೆ ಕಟ್ಟು" ಎಂದ.

ದೊಡ್ಡವರು ಓಡಿ ಬಂದು ಅವಳ ಮೇಲೆ ಅಡ್ಡ ಬಿದ್ದರು. "ಯಾವ ಕೈಯಲ್ಲಿ ಕಟ್ಟಬೇಕು?" ಎಂದು ಕೇಳಿದರು. ಕ್ಯಾಪ್ಟನ್ ತಾನು ಜಜ್ಜಿದ ಕೈಯನ್ನು ನೋಡಿದ, ಹಲ್ಲು ಕಡಿದ, ಸಿಟ್ಟಿಗೆ ಆ ಮುದುಕರ ಪಕ್ಕೆಗೆ ಒದ್ದ. ಆ ಗುಡ್ಡದಲ್ಲಿ ಎಳೆ ಕಟ್ಟಬಲ್ಲ ಕೈ ಅದೊಂದೇ ಆಗಿತ್ತು. ಮಾರನೆಯ ದಿನ ಫಿರಂಗಿಗಳನ್ನು ಎಳೆದುಕೊಂಡು ಬೇರೆ ಕಡೆಗೆ ಹೋದರು.

ಯುದ್ಧ ಮುಗಿದ ಮೇಲೆ ಮಗಳು ದೋಣಿಯಲ್ಲಿ ದಾಟಿ ಬಂದಳು, ಸೊಂಟದ ಮೇಲೆ ಮೊಮ್ಮಗಳು. ಬಂದವಳೇ ಅಮ್ಮನ ಸೊಟ್ಟ ಕೈಯನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

"ದೋಣಿಯವನು ಎಲ್ಲ ಹೇಳಿದ ಅಮ್ಮ. ನೀನೇ ಫಿರಂಗಿ ನಿಲ್ಲಿಸಿದ್ದಂತೆ. ಊರಲ್ಲಿ ಎಲ್ಲರ ಬಾಯಲ್ಲೂ ನಿನ್ನ ಮಾತೇ."

"ನಿಮ್ಮತ್ತೆ?"

"ಮಗೂನ ಕೆಳಗೆ ಹಾಕಿಕೊಂಡು ಮೇಲೆ ಮಲಗಿದ್ರು. ತೊಲೆ ಅವರ ಬೆನ್ನ ಮೇಲೆ ಬಿದ್ದಿತ್ತು, ಅಲ್ಲೇ ಹೋದ್ರು. ಇವಳಿಗೆ ಒಂದು ಗೀರೂ ಆಗಿಲ್ಲ." ಮಗಳ ಧ್ವನಿ ಗಡಸಾಯಿತು. "ನಮ್ಮ ಸಾಲಲ್ಲಿ ಉಳಿದವರು ಕಡಿಮೆ. ಗಿರಣಿಗೆ ಏನೂ ಆಗಿಲ್ಲ, ನೋಡು. ಬೇಕಂತಲೇ ಮನೆಗಳಿಗೆ ಹೊಡೆದಿದ್ದಾರೆ. ಆ ಗುರಿ ಇಟ್ಟವನು ಸಿಕ್ಕಲಿ, ಅವನ ಕಣ್ಣು ಕೀಳ್ತೀನಿ."

ಸುಮ್ಮನಿದ್ದರೆ ಆಗುತ್ತಿತ್ತು. ದೊಡ್ಡವರು ಯಾರಿಗೂ ಹೇಳಿರಲಿಲ್ಲ, ಹೇಳುವವರೂ ಅಲ್ಲ. ಮಗಳು ಕೈಯನ್ನು ಬಿಡದೆ ಸವರುತ್ತಿದ್ದಳು, ಆ ಸವರುವಿಕೆಯನ್ನು ಜೇಡಮ್ಮ ತಡೆಯಲಾರದೆ ಹೋದಳು.

"ಆ ಕೈನ ಬಿಡು. ಗುರಿ ಇಟ್ಟವನಿಗೆ ಏನೂ ಗೊತ್ತಿರಲಿಲ್ಲ. ಎಳೆ ಸಡಿಲ ಬಿಟ್ಟಿದ್ದು ನಾನು. ನೀನು ಗಿರಣಿಲಿದ್ದೆ. ಗುಂಡು ಹೊಳೆಗೆ ಬೀಳುತ್ತೆ ಅಂದ್ಕೊಂಡೆ."

ಅರ್ಥವಾದಾಗ ಮಗಳು ಮೇಜಿನ ಮೇಲಿದ್ದ ಡಬ್ಬಿಗಳನ್ನೆಲ್ಲ ಒಂದೇ ಸಲಕ್ಕೆ ಬಾಚಿ ಗೋಡೆಗೆಸೆದಳು. ಜೇಡಗಳು ಸಂದುಗೊಂದು ಹುಡುಕಿ ಓಡಿದವು. ಆಮೇಲೆ ಅಮ್ಮನ ಕೆನ್ನೆಗೆ ಬಾರಿಸಿದಳು. ಗಂಡನಿಂದ ತಿಂದ ಏಟುಗಳನ್ನೆಲ್ಲ ಮರೆಸುವ ಏಟು ಅದು.

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡ" ಎಂದಳು. ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಗುಡ್ಡ ಇಳಿದು ಹೋದಳು.

ಇಳಿಜಾರಿನಲ್ಲಿ ಮತ್ತೆ ಮನೆಗಳು ಎದ್ದವು. ಜೇಡಮ್ಮ ಸಣ್ಣ ದುರ್ಬೀನಿನಲ್ಲಿ ದಿನವೂ ಕಾದು ನೋಡುತ್ತಿದ್ದಳು. ಮಗಳ ಮನೆಯ ಪಾಯ ಬಂತು, ಗೋಡೆ ಬಂತು. ಹಳೆಯ ಮನೆಗೆ ಬಾಗಿಲು ಹೊಳೆಯ ಕಡೆಗಿತ್ತು. ಇದಕ್ಕೂ ಬಾಗಿಲು ಇಡುತ್ತಾರೆ, ಕಡೇಪಕ್ಷ ಒಂದು ಕಿಟಕಿ ಬಿಡುತ್ತಾರೆ ಎಂದು ಒಂದು ಬೇಸಿಗೆ ಪೂರ್ತಿ ಕಾದಳು. ಮಾಡು ಹೊದಿಸಿ ಆಯಿತು.

ಅವಳು ಹೀಗೆ ಕಣ್ಣು ಸವೆಸುವುದನ್ನು ನೋಡಲಾರದೆ ದೊಡ್ಡವರು ಒಂದು ದಿನ ಜೇಬಿನಿಂದ ಸಣ್ಣ ಗಾಜೊಂದನ್ನು ತೆಗೆದರು. ಅಂಗಳದಲ್ಲಿ ಸಿಕ್ಕಿದ್ದು, ಅವಳು ಒಡೆದ ಫಿರಂಗಿ ದುರ್ಬೀನಿನದು, ಹೇಗೋ ಉಳಿದಿತ್ತು. ಅದನ್ನು ಒರೆಸಿ ಅವಳ ದುರ್ಬೀನಿಗೆ ಕೂರಿಸಿಕೊಟ್ಟರು.

"ಈಗ ನೋಡಮ್ಮ. ನೆಟ್ಟಗೆ ಕಾಣುತ್ತೆ."

ಜೇಡಮ್ಮ ನೋಡಿದಳು. ಹೊಳೆ ಕೆಳಗಿತ್ತು, ಮನೆ ಮೇಲಿತ್ತು, ಎಲ್ಲ ಇರಬೇಕಾದ ಹಾಗೇ ಇತ್ತು. ಹೊಳೆಯ ಕಡೆಗೆ ಸುಣ್ಣ ಬಳಿದ ಬೋಳು ಗೋಡೆ.

"ಕಾಣ್ತಿದೆ ಸ್ವಾಮಿ. ಆ ಗಾಜು ತೆಗೆದುಬಿಡಿ" ಎಂದಳು.