ಹುಣಸೆಹಣ್ಣು ಬಿಟ್ಟುಬಂದ ಮೇಡಂ

ಚೆನ್ನೈಯ ಕಾಲೇಜುಗಳಲ್ಲಿ ಗ್ರಾಮಸೇವಾ ಶಿಬಿರ ನಡೆಸಿದ ಮಹನೀಯರು ಅನೇಕರಿದ್ದಾರೆ. ಆದರೆ ನಾಲ್ಕು ಜನರೆದುರು ಬಾಯಿ ತೆರೆಯಲು ನಡುಗುವ ವಿದ್ಯಾರ್ಥಿಗಳನ್ನೇ ಹುಡುಕಿ ಹಳ್ಳಿಗೆ ಕರೆದೊಯ್ದವರು, ನಾನು ಕಂಡಂತೆ, ಈ ವರ್ಷ ನಿವೃತ್ತರಾದ ಸಮಾಜಶಾಸ್ತ್ರದ ಪ್ರಾಧ್ಯಾಪಕಿ ಶ್ರೀಮತಿ ಗಿರಿಜಾದೇವಿಯವರೊಬ್ಬರೇ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಅವರ ಶಿಬಿರದ ವ್ಯಾನು ಓಡಿಸುವ ನನಗೆ ಅವರ ಈ ಅಭಿನಂದನ ಸಂಪುಟದಲ್ಲೇನು ಕೆಲಸ ಎಂದು ಕೇಳಿದ್ದಕ್ಕೆ, "ಶೀನಾ, ಹೊಗಳೋರು ಭಾಳ ಮಂದಿ ಅದಾರ. ನೀ ಬೈಯೋದನ್ನ ಬರಿ" ಎಂದರು. ಆದ್ದರಿಂದ ಸಿಟ್ಟನ್ನು ಮುಚ್ಚಿಡದೆ ಬರೆಯುತ್ತೇನೆ.

ಕೋಯಂಬೇಡು ಮಾರುಕಟ್ಟೆಯಲ್ಲಿ ಶಿಬಿರದ ದಿನಸಿ ತುಂಬಿಸುವಾಗ ಅವರು ಪ್ರತಿವರ್ಷ ಏನಾದರೊಂದನ್ನು ಬೇಕೆಂದೇ ಬಿಡಿಸುತ್ತಿದ್ದರು. ಒಮ್ಮೆ ಉಪ್ಪು, ಒಮ್ಮೆ ಮೆಣಸಿನಕಾಯಿ. ಹಳ್ಳಿ ತಲುಪಿದ ಮೇಲೆ ಎಲ್ಲರಿಗಿಂತ ಹೆಚ್ಚು ಅಂಜುವ ವಿದ್ಯಾರ್ಥಿಯ ಕೈಗೆ ಖಾಲಿ ಬಟ್ಟಲು ಕೊಟ್ಟು, ಅದನ್ನು ಕೇಳಿ ತರಲು ಕಳಿಸುವುದು ಅವರ ಪದ್ಧತಿ. ಇದೆಂಥ ಶಿಕ್ಷೆ ಎಂದು ನಾನು ಕೂಗಾಡುತ್ತಿದ್ದೆ. "ಕೊಡಾಕ ಹೋದರ ಮಾತಾಡಬೇಕಾಗತೈತಿ. ಕೇಳಾಕ ಬಟ್ಟಲಿದ್ರ ಸಾಕಪ್ಪಾ" ಎಂದು ನಗುತ್ತಿದ್ದರು.

ಎರಡು ವರ್ಷದ ಹಿಂದಿನ ಮಾತು. ಊತುಕೋಟೆಯಾಚೆ ಕೆರೆದಂಡೆಯ ಒಂದು ಹಳ್ಳಿ. ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದಂಥ ಮಂಜು. ಎಮ್ಮೆಗಳು ಮೋಡದೊಳಗಿಂದ ಒಂದೊಂದಾಗಿ ಇಳಿದು ಬರುತ್ತಿದ್ದವು. ಎಲ್ಲರೂ ವ್ಯಾನಿನಿಂದ ಇಳಿದರು, ಆ ವರ್ಷದ ಅತಿ ಅಂಜುಬುರುಕ ಹುಡುಗಿ ಶ್ರೀಯಾ ಮಾತ್ರ ಇಳಿಯಲಿಲ್ಲ.

"ಅಣ್ಣಾ, ವ್ಯಾನ್ ರಿಟರ್ನ್ ಹೋಗತ್ತಲ್ಲ, ನಾನೂ ಬಂದ್ಬಿಡ್ತೀನಿ, ಪ್ಲೀಸ್."

ಶಿಬಿರದಿಂದ ಅರ್ಧಕ್ಕೆ ಬಂದರೆ ಕಾಲೇಜು ಬಿಡಿಸುವುದಾಗಿ ಅವಳ ತಂದೆ ಹೇಳಿದ್ದು ನಮಗೆಲ್ಲ ಗೊತ್ತಿತ್ತು.

"ಪಾರ್ಸಲ್ ರೆಡಿ, ಡ್ರೈವರಣ್ಣ!" ಎಂದ ಅಜಯ್ ಎಂಬ ಹಿರಿಯ ವಿದ್ಯಾರ್ಥಿ.

"ಬಾಯ್ ಮುಚ್ಚು ಡಾ! ನಿನ್ನೇ ಡಿಕ್ಕಿಗೆ ಹಾಕ್ತೀನಿ" ಎಂದು ನಾನು ಗದರಿದೆ.

ಮೇಡಂ ವ್ಯಾನಿನ ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು. "ಹೋಗುವಂತಿ ಮಗಳ. ಸಾರಿಗೆ ಹುಣಸಿಹಣ್ಣಿಲ್ಲ, ಅಷ್ಟು ತಂದುಕೊಟ್ಟು ಹೋಗು."

ಬಟ್ಟಲು ಹಿಡಿದು ಅವಳು ಹತ್ತಿರದ ಮನೆಯ ಜಗಲಿಯವರೆಗೆ ನಿದ್ದೆಯಲ್ಲಿ ನಡೆದಂತೆ ನಡೆದಳು. ಬಟ್ಟಲನ್ನಷ್ಟೇ ಮುಂದೆ ಚಾಚಿದಳು. ಜಗಲಿಯ ಮೇಲಿದ್ದ ಅಜ್ಜಿ ಅವಳ ಮುಖ ಬಿಟ್ಟು ಬಟ್ಟಲನ್ನು ನೋಡಿ, "ಉಪ್ಪಾ? ಪುಳಿಯಾ?" ಎಂದಳು. ಹುಣಸೆಯ ಹೆಸರು ಬಂದಾಗ ಶ್ರೀಯಾ ತಲೆಯಾಡಿಸಿದಳು. "ಉಕ್ಕಾರು ಕಣ್ಣು" ಎಂದು ಅಜ್ಜಿ ತಮಿಳಿನಲ್ಲೇ ಮುದ್ದಿನಿಂದ ಅವಳನ್ನು ಕೂರಿಸಿ, ಬೀಜ ಬಿಡಿಸಲು ಹುಣಸೆಯ ರಾಶಿಯನ್ನೇ ಮುಂದಕ್ಕೆ ತಳ್ಳಿದಳು.

ಮಂಜು ಕರಗಿತು, ಮಧ್ಯಾಹ್ನವಾಯಿತು. ಎಗ್ಮೋರಿನಲ್ಲಿ ಬೇರೆ ಬಾಡಿಗೆಯಿದ್ದ ನಾನು ಕೀಲಿಗಾಗಿ ಕಿರುಚಿದೆ. "ನಾನ್ ಹೋಗಿ ತರ್ತೀನಿ ಮ್ಯಾಮ್, ಹಸಿವು!" ಎಂದು ಅಜಯ್ ಗೋಗರೆದ. ಮೇಡಂ ಬೇವಿನ ನೆರಳಲ್ಲಿ ಅರೆಗಣ್ಣು ಮುಚ್ಚಿಕೊಂಡೇ, "ಕುಂದರ್ರಿ ಇಬ್ರೂ. ಒಲಿ ಮ್ಯಾಲಿನ ಬ್ಯಾಳಿನೂ ಹುಣಸಿಹಣ್ಣಿಗೆ ಕಾಯ್ಕೋತ ಸುಮ್ಮನೈತಿ" ಎಂದರು.

ಶ್ರೀಯಾ ಬಂದಳು. ಬೆರಳೆಲ್ಲ ಹುಣಸೆಯ ಕಂದು.

"ಮ್ಯಾಮ್, ಆ ಜಗಲಿ ಪಾಟ್ಟಿ ನಾಳೇನೂ ಬಾ ಅಂದ್ರು. ಇನ್ನೂ ಅರ್ಧ ರಾಶಿ ಇದೆ."

ಹಾಗೆಂದು ವ್ಯಾನಿನಿಂದ ತನ್ನ ಚೀಲ ಇಳಿಸಿಕೊಂಡಳು. ಆಗಷ್ಟೇ ಸೆರಗಿನ ಗಂಟು ಬಿಚ್ಚಿತು.

ಅವಳ ಅಂಜಿಕೆ ಮಾಯವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಇಂದಿಗೂ ವೇದಿಕೆ ಕಂಡರೆ ಅವಳು ಹಿಂದಿನ ಸಾಲಿಗೆ ಸರಿಯುತ್ತಾಳೆ. ಕಾಲೇಜು ಮಾತ್ರ ಬಿಡಲಿಲ್ಲ. ಮುಂದಿನ ಶಿಬಿರದಲ್ಲಿ ಯಾವ ಸಾಮಾನಿಗೂ ಕೊರತೆಯಿರಬಾರದು, ಪ್ರತಿಯೊಬ್ಬರೂ ಹಳ್ಳಿಗರಿಗೆ ಭಾಷಣ ಮಾಡಬೇಕು ಎಂದು ಈಗ ಶಿಬಿರ ವಹಿಸಿಕೊಂಡ ಹೊಸಬರು ಹೇಳುತ್ತಿದ್ದಾರೆ. ಕೇಳಿದರೆ ಮೈ ಉರಿಯುತ್ತದೆ.

ಪೂಜ್ಯ ಮೇಡಂ ನೂರ್ಕಾಲ ಸುಖವಾಗಿ ಬಾಳಲಿ. ಆದರೆ ಮನೆಯಲ್ಲಿ ಕೂತಲ್ಲ. ಶಿಬಿರದ ಹಿಂದಿನ ದಿನ ಕೋಯಂಬೇಡಿನಲ್ಲಿ ವ್ಯಾನು ನಿಲ್ಲಿಸಿರುತ್ತೇನೆ; ದಿನಸಿ ತುಂಬುವವರು ಬೇಕಾದಷ್ಟಿದ್ದಾರೆ, ಏನನ್ನು ಬಿಡಬೇಕೆಂದು ಹೇಳಲು ಅವರೇ ಬರಬೇಕು.