ಎರಡನೇ ಪುಟದಲ್ಲಿದ್ದ ತೂಕ

ಕಲ್ಲಿನ ತೂಕ ಒಂಬತ್ತು ಕಿಲೋ ಆರುನೂರು ಗ್ರಾಂ. ಒಂದು ಬದಿಗೆ ಬಿಳಿ ಬಣ್ಣ ಬಳಿದ ಕರಿಕಲ್ಲು. ಆ ಬಿಳಿಯ ಮೇಲೆ ಟೈರು ಒತ್ತಿದ ಕಪ್ಪು ಪಟ್ಟೆ, ಅಂಚಿನಲ್ಲಿ ಹೆಬ್ಬೆರಳಿನಷ್ಟು ಚೂರು ಹಾರಿಹೋದ ಗುರುತು. ತೂಗಿದ್ದು ನಾನೇ. ತೊಗರಿ ಕೊಯ್ಲಿಗೆ ಹೊರಟಿದ್ದ ಒಂಬತ್ತು ಹೆಂಗಸರು ಆ ದಿನ ಮನೆಗೆ ಮರಳಿದ್ದು ಈ ಕಲ್ಲಿನಿಂದ. ನನ್ನ ಎಂಜಿನಿಯರಿಂಗ್ ಪದವಿಯಿಂದಲ್ಲ, ನಾನು ಬರೆದುಕೊಟ್ಟ ವರದಿಯಿಂದ ಅಂತೂ ಅಲ್ಲ.

ಮೂರು ವರ್ಷಗಳ ಹಿಂದಿನ ಮಾತು. ಕಲಬುರಗಿಯಲ್ಲಿ ಜನರೇಟರ್‌ಗಳನ್ನು ಬಾಡಿಗೆಗೆ ಕೊಡುವ ಒಂದು ಖಾಸಗಿ ಸಂಸ್ಥೆಯಲ್ಲಿ ನಾನು ತಾಂತ್ರಿಕ ಮೇಲ್ವಿಚಾರಕಿಯಾಗಿದ್ದೆ. ಶರಣಸಿರಸಗಿ ಕಡೆಗೆ ಹೊಸ ಲೇಔಟ್‌ಗಳ ನಡುವೆ ನಮ್ಮ ಅಂಗಳ. ಏಳು ಜನರೇಟರ್‌ಗಳಿದ್ದವು, ಪ್ರತಿಯೊಂದೂ ತನ್ನದೇ ಟ್ರೇಲರ್ ಮೇಲೆ. ಕಲ್ಯಾಣ ಮಂಟಪ, ಆಸ್ಪತ್ರೆ, ಕಟ್ಟಡದ ಕೆಲಸ, ಎಲ್ಲಿ ಕರೆಂಟು ಬೇಕೋ ಅಲ್ಲಿಗೆ ಪಿಕಪ್ ಗಾಡಿಗೆ ಕೊಂಡಿ ಹಾಕಿ ಎಳೆದೊಯ್ಯುವುದು. ಆ ವರ್ಷ ಎರಡು ಹಳೆಯ ಡೀಸೆಲ್ ಪಿಕಪ್‌ಗಳನ್ನು ಮಾರಿ ಹೊಸವನ್ನು ಕೊಳ್ಳಬೇಕಾಗಿತ್ತು. ಊರಲ್ಲಿ ಸಿಎನ್‌ಜಿ ಬಂಕುಗಳು ಬಂದಿದ್ದವು. ಗ್ಯಾಸ್ ಗಾಡಿಯೋ ಡೀಸೆಲ್ ಗಾಡಿಯೋ, ನೋಡಿ ಬರೆದುಕೊಡಿ ಎಂದು ಮಾಲೀಕರು ನನಗೆ ಹೇಳಿದರು. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಿದ್ದರು.

ಬರೆಯುವ ಮೊದಲು ಟ್ರೇಲರ್‌ಗಳನ್ನು ನೆಹರು ಗಂಜ್‌ನ ಕಾಟಾಕ್ಕೆ ಒಯ್ದೆ. ತೊಗರಿ ಲಾರಿಗಳನ್ನು ತೂಗುವ ಆ ಕಾಟಾದ ಚೀಟಿಯಲ್ಲಿ ಅತಿ ದೊಡ್ಡದಕ್ಕೆ ಬಂದ ಸಂಖ್ಯೆ 2,860 ಕಿಲೋ. ಜನರೇಟರ್ ಕಂಪನಿಯ ಪುಸ್ತಕದಲ್ಲಿದ್ದದ್ದು 2,100. ಪುಸ್ತಕದ ತೂಕ ಬರಿಯ ಯಂತ್ರದ್ದು. ಅದರಲ್ಲಿ ಆಯಿಲ್ ಇಲ್ಲ, ನೀರಿಲ್ಲ, ತುಂಬಿದ ಟ್ಯಾಂಕ್ ಇಲ್ಲ, ಬ್ಯಾಟರಿ ಇಲ್ಲ, ಕೇಬಲ್ ಸುತ್ತಿದ ಉರುಳೆ ಇಲ್ಲ, ಟ್ರೇಲರ್ ಕೂಡ ಇಲ್ಲ. ರಸ್ತೆಯ ಮೇಲೆ ಮಾತ್ರ ಇದೆಲ್ಲ ಇರುತ್ತದೆ.

ಚೀಟಿಯನ್ನು ಸಾವಕಾರರ ಮೇಜಿನ ಮೇಲಿಟ್ಟೆ. ಎದುರು ಇಬ್ಬರು ಗುತ್ತಿಗೆದಾರರು ಚಹಾ ಕುಡಿಯುತ್ತ ಕುಳಿತಿದ್ದರು.

“ಕಂಪನಿಯವ್ರು ಸುಳ್ಳ ಬರೀತಾರೇನ್ರೀ ಮೇಡಮ್ರೀ?”

“ಸುಳ್ಳಲ್ರೀ. ಅದು ಖಾಲಿ ಯಂತ್ರದ ತೂಕ. ನಾವು ಎಳಿಯೋದು ತುಂಬಿದ್ದನ್ನ.”

“ಮದಿವಿ ಹೆಣ್ಣಿನ್ನ ಬಂಗಾರ ಸಮೇತ ಕಾಟಾಕ್ಕ ಹಚ್ಚಿದ್ರ ಯಾರೂ ಲಗ್ನ ಆಗಂಗಿಲ್ರೀ,” ಎಂದರು ಅವರು. ಇಬ್ಬರೂ ಗುತ್ತಿಗೆದಾರರು ಚಹಾ ಚೆಲ್ಲುವಂತೆ ನಕ್ಕರು. ನಾನು ಚೀಟಿಯನ್ನು ಎತ್ತಿಕೊಂಡು ಹೊರಬಂದೆ. ಅಂದು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ನನಗಿಲ್ಲ.

ವಿಷಯ ಅಷ್ಟೇನೂ ಕಠಿಣವಲ್ಲ. ಭಾರ ಎಳೆಯಲು ಬೇಕಾದದ್ದು ವೇಗವಲ್ಲ, ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ. ಡೀಸೆಲ್ ಎಂಜಿನ್ ಈ ಬಲವನ್ನು ನಿಧಾನಗತಿಯಲ್ಲೇ ಕೊಡುತ್ತದೆ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಬೇಕಾಗುವುದು ಅದೇ. ಸಿಎನ್‌ಜಿ ಪಿಕಪ್ ಬಲ ತೋರಬೇಕಾದರೆ ಎಂಜಿನ್ ಜೋರಾಗಿ ತಿರುಗಬೇಕು. ಭಾರ ಹಿಂದೆ ಜಗ್ಗುತ್ತಿರುವಾಗ ಹಾಗೆ ತಿರುಗಿಸಿದರೆ ಕ್ಲಚ್ ಸುಡುತ್ತದೆ. ಹಾಗೆಂದು ಗ್ಯಾಸ್ ಗಾಡಿ ಕೆಟ್ಟದ್ದಲ್ಲ. ಸಮತಟ್ಟಾದ ರಸ್ತೆಯಲ್ಲಿ, ಹಗುರ ಭಾರಕ್ಕೆ, ದಿನಕ್ಕೆ ಹತ್ತು ಸಲ ಊರು ಸುತ್ತುವುದಕ್ಕೆ ಅದೇ ಲಾಭ. ಗ್ಯಾಸಿನಲ್ಲಿ ದುಡ್ಡು ಉಳಿಯುತ್ತದೆ ಎಂಬ ಸಾವಕಾರರ ಲೆಕ್ಕ ಅಲ್ಲಿಯವರೆಗೆ ಸರಿಯೇ ಇತ್ತು.

ಇನ್ನೊಂದು ಸಂಗತಿ ಬ್ರೇಕಿನದು. ನಮ್ಮ ಟ್ರೇಲರ್‌ಗಳಲ್ಲಿ ಇದ್ದದ್ದು ಓವರ್‌ರನ್ ಬ್ರೇಕ್. ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಅದನ್ನು ಹಿಂದಿನಿಂದ ದೂಡುತ್ತದೆ, ಆ ಒತ್ತಡಕ್ಕೇ ಟ್ರೇಲರಿನ ಬ್ರೇಕ್ ಹಿಡಿಯುತ್ತದೆ. ಇಳಿಜಾರಿಗೆ ಇದು ಸಾಕು. ಆದರೆ ಏರಿನಲ್ಲಿ ಗಾಡಿ ಹಿಂದಕ್ಕೆ ಸರಿದರೆ ದೂಡುವ ಒತ್ತಡವೇ ಇರುವುದಿಲ್ಲ, ಬ್ರೇಕ್ ಹಿಡಿಯುವುದೂ ಇಲ್ಲ. ಇಡೀ ಭಾರ ಪಿಕಪ್‌ನ ಬ್ರೇಕಿನ ಮೇಲೆ ಬೀಳುತ್ತದೆ.

ಇದನ್ನೆಲ್ಲ ಎರಡು ಪುಟಗಳಲ್ಲಿ ಬರೆದೆ. ಕಾಲೇಜಿನಲ್ಲಿ ಕಲಿಸಿದ ಕ್ರಮ: ಮೊದಲು ಹೋಲಿಕೆ, ಆಮೇಲೆ ಮಿತಿಗಳು. ಮೊದಲನೇ ಪುಟ ಮುಗಿದದ್ದು “ದಿನನಿತ್ಯದ ಬಾಡಿಗೆ ಕೆಲಸಕ್ಕೆ ಗ್ಯಾಸ್ ಪಿಕಪ್ ಸೂಕ್ತ” ಎಂಬ ವಾಕ್ಯಕ್ಕೆ. “ಆದರೆ” ಎಂಬ ಮಾತು ಎರಡನೇ ಪುಟದ ಮೊದಲ ಸಾಲಿನಲ್ಲಿತ್ತು: 1,500 ಕಿಲೋ ಮೀರಿದ ಮೂರು ಟ್ರೇಲರ್‌ಗಳನ್ನು ಗ್ಯಾಸ್ ಗಾಡಿಗೆ ಕಟ್ಟಬಾರದು, ಅವುಗಳಿಗೆ ಒಂದು ಡೀಸೆಲ್ ಗಾಡಿ ಇರಲೇಬೇಕು, ಕಮಲಾಪುರದ ಕಡೆಯ ಏರಿಗಂತೂ ಅದಿಲ್ಲದೆ ಹೋಗಕೂಡದು. ಎರಡೂ ಪುಟಗಳ ಕೆಳಗೆ ಸಹಿ ಹಾಕಿ ಕೊಟ್ಟೆ, ಇಮೇಲಿನಲ್ಲೂ ಕಳಿಸಿದೆ.

ಬಂದದ್ದು ಎರಡೂ ಗ್ಯಾಸ್ ಗಾಡಿ. ಪರೀಕ್ಷೆಯೂ ಆಯಿತು. ಅತಿ ಸಣ್ಣ ಟ್ರೇಲರ್ ಕಟ್ಟಿ, ಟ್ಯಾಂಕ್ ಖಾಲಿ ಮಾಡಿ, ರಿಂಗ್ ರೋಡಿನಲ್ಲಿ ಒಂದು ಸುತ್ತು. “ಹೂವಿನಂಗ ಎಳೀತು ನೋಡ್ರೀ ಮೇಡಮ್ರೀ,” ಎಂದು ಸಾವಕಾರ್ರು ಇಳಿದರು. ನಾನು ದೊಡ್ಡ ಟ್ರೇಲರಿನ ಮಾತು ಎತ್ತಿದೆ. “ನೋಡೋಣಂತ” ಎಂದರು. ನಾನು ನನ್ನ ಮೇಜಿಗೆ ಮರಳಿದೆ. ಬರೆದುಕೊಟ್ಟಿದ್ದೇನಲ್ಲ ಎಂಬ ಧೈರ್ಯ.

ನಮ್ಮ ಹಿರಿಯ ಚಾಲಕರು ಇಸ್ಮಾಯಿಲ್ ಚಾಚಾ. ಶಹಾಬಜಾರದವರು, ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವರು. ಆ ಬಿಳಿ ಬಣ್ಣದ ಕಲ್ಲು ಅವರದು. ಏರಿನಲ್ಲಿ ಗಾಡಿ ನಿಂತರೆ ಚಕ್ರದ ಹಿಂದೆ ಇಡಲು ಅದನ್ನು ಗಾಡಿಯಿಂದ ಗಾಡಿಗೆ ಸಾಗಿಸುತ್ತ ಬಂದಿದ್ದರು. ಹೊಸ ಪಿಕಪ್‌ಗೆ ಕಲ್ಲನ್ನು ಏರಿಸುವಾಗ ನನ್ನನ್ನು ಕರೆದರು.

“ಬೇಟೀ, ಖರೇ ಹೇಳು. ಈ ಗ್ಯಾಸಿನ ಗಾಡಿ ದೊಡ್ಡ ಜನರೇಟರ್ ಡಬ್ಬಿ ಎಳೀತದೇನು?”

“ಸಾವಕಾರ್ರಿಗೆ ಎಲ್ಲಾ ಬರೆದು ಕೊಟ್ಟೀನಿ ಚಾಚಾ.”

ಅವರು ನಕ್ಕರು. “ಅವ್ರು ಕುರ್ಚಿ ಮ್ಯಾಲ ಕುಂಡ್ರೋರು. ಎಳಿಯಾಂವ ನಾ. ನನಗ ಬರೆದು ಕೊಟ್ಟಿದ್ದೇನು?”

ಕಚೇರಿಯೊಳಗಿನ ಕಾಗದವನ್ನು ಚಾಲಕರಿಗೆ ತೋರಿಸುವುದು ಪದ್ಧತಿಯಲ್ಲ ಎಂದುಕೊಂಡೆ. ಆ ಪದ್ಧತಿಯನ್ನು ಮಾಡಿದವರು ಯಾರು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಕಮಲಾಪುರದಿಂದ ಫೋನ್ ಬಂತು. ಕೆಂಪು ಬಾಳೆಹಣ್ಣು ಇಡುವ ಒಂದು ಕೋಲ್ಡ್ ರೂಮಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ದೊಡ್ಡ ಜನರೇಟರ್ ಕೂಡಲೇ ಬೇಕು. ನಾನು ಆಗ ಇನ್ನೊಂದು ಕೆಲಸಕ್ಕೆ ಜಿಲ್ಲಾಸ್ಪತ್ರೆಯ ಕಡೆ ಹೋಗಿದ್ದೆ. ದೊಡ್ಡ ಟ್ರೇಲರ್ ಬೇಡ ಎಂದು ಚಾಚಾ ಹೇಳಿದರಂತೆ. “ಮೇಡಮ್ಮೇ ಸಹಿ ಮಾಡ್ಯಾರ, ನಿಂದೇನು ನಡುವ?” ಎಂದು ಸಾವಕಾರ್ರು ಮೊದಲನೇ ಪುಟವನ್ನು ಅವರ ಮುಂದೆ ಹಿಡಿದರಂತೆ. ನನ್ನ ಸಹಿಯನ್ನು ಚಾಚಾ ನಂಬಿದರು.

ಕಮಲಾಪುರ ಇನ್ನೇನು ಹತ್ತಿರ ಬಂತು ಎನ್ನುವಾಗ ರಸ್ತೆ ಏರುತ್ತದೆ. ಅಲ್ಲಿ ರಿಪೇರಿ ನಡೆದಿತ್ತು, ಜಲ್ಲಿ ಹರಡಿತ್ತು. ಮುಂದಿನ ಬಸ್ಸು ನಿಂತಿತು, ಚಾಚಾ ನಿಲ್ಲಿಸಿದರು. ಮತ್ತೆ ಹೊರಡುವಾಗ ಪಿಕಪ್ ಎರಡು ಸಲ ಕುಲುಕಿ ಬಂದಾಯಿತು. ಎಂಜಿನ್ ಬಂದಾದರೆ ಬ್ರೇಕಿಗೆ ಸಿಗುವ ಸಹಾಯವೂ ನಿಲ್ಲುತ್ತದೆ, ಪೆಡಲ್ ಗಡುಸಾಗುತ್ತದೆ. ಟೈರುಗಳು ಜಲ್ಲಿಯ ಮೇಲೆ ಜಾರತೊಡಗಿದವು. ಹಿಂದೆ ಹನ್ನೆರಡು ಹೆಜ್ಜೆ ದೂರದಲ್ಲಿ ತೊಗರಿ ಕೊಯ್ಲಿನ ಹೆಂಗಸರು ತುಂಬಿದ ಟಂಟಂ ಆಟೋ.

ಜನರೇಟರ್ ನಡೆಸುವ ಶರಣಪ್ಪ ಪಕ್ಕದ ಸೀಟಿನಲ್ಲಿದ್ದರು. “ಶರಣ್ಯಾ, ಪತ್ಥರ್!” ಎಂದು ಚಾಚಾ ಕೂಗಿದರು. ಶರಣಪ್ಪ ಕಲ್ಲಿನ ಸಮೇತ ಹಾರಿ ಟ್ರೇಲರಿನ ಎಡಚಕ್ರದ ಹಿಂದೆ ಒಗೆದರು. ಎಡಚಕ್ರ ತಡೆಯಿತು, ಬಲಚಕ್ರ ಸರಿಯಿತು, ಟ್ರೇಲರ್ ಓರೆಯಾಗಿ ರಸ್ತೆ ಬದಿಯ ತಗ್ಗಿಗೆ ತಿರುಗಿತು. ಪಿಕಪ್ ಅದರ ಹಿಂದೆಯೇ ಮಗುಚಿತು. ಟಂಟಂಗೆ ಒಂದು ಗೆರೆಯೂ ಬೀಳಲಿಲ್ಲ. ಚಾಚಾರ ಬಲಗಡೆಯ ಕಾಲರ್ ಎಲುಬು ಮುರಿಯಿತು.

ಮರುದಿನ ಮಧ್ಯಾಹ್ನ ಸಾವಕಾರ್ರು ನನ್ನನ್ನು ಒಳಗೆ ಕರೆದರು. ವಿಮಾ ಸರ್ವೇಯರ್‌ಗೆ ಕೊಡುವ ಹೇಳಿಕೆ ಟೈಪಾಗಿತ್ತು: ವಾಹನ ಸುಸ್ಥಿತಿಯಲ್ಲಿತ್ತು, ಭಾರಕ್ಕೆ ತಕ್ಕದ್ದಾಗಿತ್ತು, ಅಪಘಾತಕ್ಕೆ ಚಾಲಕನ ನಿರ್ಲಕ್ಷ್ಯ ಕಾರಣ. ಅದಕ್ಕೆ ನನ್ನ ವರದಿಯ ಮೊದಲನೇ ಪುಟವನ್ನು ಪಿನ್ ಹಾಕಲಾಗಿತ್ತು. ನನ್ನ ಸಹಿ ಸ್ಪಷ್ಟವಾಗಿ ಕಾಣುತ್ತಿತ್ತು.

“ಎರಡನೇ ಪುಟ ಎಲ್ಲದರೀ?”

“ಯಾವ ಎರಡನೇ ಪುಟ? ಇಲ್ಲಿ ಸಹಿ ಮಾಡ್ರಿ, ಕೆಲಸ ಮುಗೀತದ. ಮುದುಕಗ ಕಣ್ಣು ಕಾಣಂಗಿಲ್ಲ, ಕ್ಲಚ್ ಮ್ಯಾಲ ಕಾಲಿಟ್ಟೇ ಹೊಡೀತಿದ್ದ.”

“ಚಾಚಾ ಬೇಡ ಅಂದಿದ್ರು. ನೀವು ನನ್ನ ಸಹಿ ತೋರಿಸಿ ಕಳಿಸೀರಿ.”

“ಮೇಡಮ್ರೀ, ನೀವು ಓದಿದವ್ರು. ಡ್ರೈವರ್ ಪರವಾಗಿ ಮಾತಾಡಿ ನಿಮಗೇನು ಬರ್ತದ?”

ಇಪ್ಪತ್ತೆರಡು ವರ್ಷ ಒಂದೂ ಅಪಘಾತ ಮಾಡದ ಮನುಷ್ಯನ ಹೆಸರಿನ ಮುಂದೆ ‘ನಿರ್ಲಕ್ಷ್ಯ’ ಎಂದು ಬರೆದರೆ ಈ ಊರಿನಲ್ಲಿ ಮತ್ತೆ ಯಾರೂ ಅವರ ಕೈಗೆ ಕೀಲಿ ಕೊಡುವುದಿಲ್ಲ. ಅದನ್ನು ಬರೆಯಲು ನನ್ನದೇ ಸಹಿ ಬಳಕೆಯಾಗುತ್ತಿತ್ತು. ಸಹಿ ಮಾಡುವುದಿಲ್ಲ ಎಂದು ಹೇಳಿ ನನ್ನ ಮೇಜಿಗೆ ಬಂದೆ. ಎರಡೂ ಪುಟ, ಕಾಟಾದ ಚೀಟಿ, ನಾನು ಹಿಂದೆ ಕಳಿಸಿದ್ದ ಇಮೇಲ್, ಎಲ್ಲವನ್ನೂ ನೇರವಾಗಿ ಸರ್ವೇಯರ್‌ಗೆ ಕಳಿಸಿದೆ. ಅದರ ಪ್ರತಿಯನ್ನು ಸಾವಕಾರರಿಗೂ ಕಳಿಸಿದೆ. ಶರಣಪ್ಪ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಕೊನೆಗೆ ಸರ್ವೇಯರ್ ಕಾರಣವೆಂದು ಬರೆದದ್ದು ಮಿತಿ ಮೀರಿದ ಭಾರ. ಚಾಚಾರ ಹೆಸರಿಗೆ ಏನೂ ಅಂಟಲಿಲ್ಲ. ಈಗ ಅವರು ಬೇರೊಬ್ಬರ ಡೀಸೆಲ್ ಗಾಡಿ ಓಡಿಸುತ್ತಾರೆ. ನಾನೂ ಆ ಕೆಲಸದಲ್ಲಿ ಹೆಚ್ಚು ದಿನ ಉಳಿಯಲಿಲ್ಲ.

ಇಷ್ಟಾದರೂ ನನ್ನ ಸಿಟ್ಟಿನ ಒಂದು ಪಾಲು ನನ್ನ ಮೇಲೆಯೇ ಇತ್ತು. ಆ ಪುಟ ಕಾಣೆಯಾಗುವುದು ಅಷ್ಟು ಸುಲಭವಾದದ್ದು ಹೇಗೆ? ನನ್ನ ಮೇಜು ಬಿಟ್ಟರೆ ಅದು ಇದ್ದದ್ದು ಸಾವಕಾರರೊಬ್ಬರ ಡ್ರಾಯರಿನಲ್ಲಿ. ಜೀವ ಒಡ್ಡುವವರಿಗೆ ಗೊತ್ತಾಗಬೇಕಾದ ತೂಕವನ್ನು ಗೊತ್ತಾಗಬಾರದೆಂದಿದ್ದವರ ಕೈಗೆ ಕೊಟ್ಟು ನಾನು ನೆಮ್ಮದಿಯಾಗಿದ್ದೆ.

ಸರ್ವೇಯರ್‌ಗೆ ಕಾಗದ ಕಳಿಸಿದ ದಿನವೇ ಸಂಜೆ ಶಹಾಬಜಾರಕ್ಕೆ, ಚಾಚಾರ ಮನೆಗೆ ಹೋದೆ. ಚಾಚಾ ತೋಳಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕುಳಿತಿದ್ದರು. ಅವರ ಮಗಳು ನಸ್ರೀನ್ ಚಹಾ ತಂದಳು. ಎರಡನೇ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಅವರಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಬರೋಬ್ಬರ್ ಬರ್ದೀ ಬೇಟೀ,” ಎಂದರು. ಚಹಾದ ಲೋಟ ಕೆಳಗಿಟ್ಟು, “ಮೊದಲ ನನಗ ಓದಿ ಹೇಳಿದ್ರ ಇನ್ನೂ ಬರೋಬ್ಬರ್ ಆಗ್ತಿತ್ತು.”

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊರಡುವಾಗ ಒಂದು ಸಾಲನ್ನು ಉರ್ದುವಿನಲ್ಲಿ ದೊಡ್ಡದಾಗಿ ಬರೆದುಕೊಡು ಎಂದು ನಸ್ರೀನಳನ್ನು ಕೇಳಿದೆ. ಕಲ್ಲಿಗೆ ಬಳಿದು ಉಳಿದ ಬಿಳಿ ಬಣ್ಣದ ಡಬ್ಬಿ ಎಲ್ಲಿದೆ ಎಂದು ಚಾಚಾರನ್ನು ಕೇಳಿದೆ. ಅಂಗಳದ ಶೆಡ್ಡಿನಲ್ಲಿ, ಹಳೆ ಟೈರುಗಳ ಹಿಂದೆ ಎಂದರು.

ಮರುದಿನ ಬೆಳಿಗ್ಗೆ ಏಳಕ್ಕೆ ಅಂಗಳಕ್ಕೆ ಹೋದೆ. ಡಬ್ಬಿ ಹೇಳಿದ ಜಾಗದಲ್ಲೇ ಇತ್ತು. ತಗ್ಗಿನಿಂದ ಎತ್ತಿ ತಂದ ದೊಡ್ಡ ಟ್ರೇಲರ್ ಅಂಗಳದಲ್ಲಿ ನಿಂತಿತ್ತು. ಟ್ರೇಲರಿನ ಮುಂದೆ ಗಾಡಿಗೆ ಕೊಂಡಿ ಹಾಕುವ ಕಬ್ಬಿಣದ ತೋಳಿರುತ್ತದೆ. ಕೊಂಡಿ ಹಾಕುವವರು ಬಗ್ಗಿ ಅದನ್ನು ನೋಡಲೇಬೇಕು. ದೊಡ್ಡದರ ತೋಳಿನ ಧೂಳು ಒರೆಸಿ ಬರೆದೆ: ತುಂಬಿದ ತೂಕ 2,860. ಗ್ಯಾಸ್ ಗಾಡಿಗೆ ಕಟ್ಟಬಾರದು. ಕೆಳಗೆ ನಸ್ರೀನಳ ಚೀಟಿ ನೋಡಿಕೊಂಡು ಅದೇ ಮಾತನ್ನು ಉರ್ದುವಿನಲ್ಲಿ, ಅಕ್ಷರ ಅಕ್ಷರ ಚಿತ್ರ ಬಿಡಿಸಿದಂತೆ. ಎರಡನೇ ಟ್ರೇಲರಿಗೆ ಅದರ ತೂಕ ಬರೆದು ಮುಗಿಸುವಷ್ಟರಲ್ಲಿ ಸಾವಕಾರರ ಕಾರು ಬಂತು.

“ಏನ್ ಮಾಡ್ಲಾಕತ್ತೀರಿ ಮೇಡಮ್ರೀ?”

“ಎರಡನೇ ಪುಟ ಬರೀಲಾಕತ್ತೀನ್ರೀ,” ಎಂದೆ. ಬ್ರಷ್ ಅದ್ದಿಕೊಂಡು ಮೂರನೆಯದರ ಮುಂದೆ ಕುಳಿತೆ.