ಒಬ್ಬನೇ ಸ್ಟಾರ್ಟರ್ ಇದ್ದ ದೇಶದ ಓಟಗಾರ

ಅವರ ಎರಡೂ ಕಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಕಡಲಾಚೆ ಬಂದು ನೆಲೆಸಿದ ಈ ಮೆಡೋವೇಲ್‌ನಲ್ಲಿ ನಮ್ಮ ಮನೆಗೆ ಬಂದವರೆಲ್ಲ ಬಾಗಿಲಲ್ಲಿ ಬೂಟು ಬಿಡುತ್ತಾರೆ. ಇವರು ಸಾಕ್ಸನ್ನೂ ಕಳಚಿ, ಮಡಚಿ ಬೂಟಿನೊಳಗಿಟ್ಟು ಬರುತ್ತಿದ್ದರು. ನನ್ನ ಕಣ್ಣು ಪಾದದ ಮೇಲಿರುವುದನ್ನು ಕಂಡು, ಬಿಗಿ ಶೂ ಹಾಕಿ ಓಡಿ ಓಡಿ ಉಗುರನ್ನು ದೇಶಕ್ಕೆ ಕೊಟ್ಟೆ ಎಂದು ನಕ್ಕಿದ್ದರು.

ನನ್ನ ಮಗಳ ಓಟದ ಕೋಚ್ ಅವರು. ಆಫ್ರಿಕಾದ ಒಂದು ಪುಟ್ಟ ದೇಶದವರು. ನಮ್ಮ ಎರಡು ಮೂರು ಜಿಲ್ಲೆ ಜೋಡಿಸಿದರೆ ಅವರ ದೇಶ ಮುಗಿಯಿತು. ನೂರು ಮೀಟರ್ ಓಟದಲ್ಲಿ ಅಲ್ಲಿ ಅವರನ್ನು ಹಿಂದೆ ಹಾಕಿದವರಿರಲಿಲ್ಲವಂತೆ. ಇಲ್ಲಿ ಹಗಲು ಏರ್‌ಪೋರ್ಟಿನ ಹತ್ತಿರದ ಗೋದಾಮಿನಲ್ಲಿ ಕೆಲಸ, ಸಂಜೆ ಮಕ್ಕಳಿಗೆ ಓಟ. ಓಡುವವನಿಗೆ ಮೊದಲು ನಿಲ್ಲಲು ಬರಬೇಕು ಎಂಬುದು ಅವರ ಮಾತು. ಕೂರುವುದಾದರೆ ತನಗೂ ಬರುತ್ತದೆ ಎಂದು ನನ್ನ ಗಂಡ ಸೋಫಾದಿಂದಲೇ ಹೇಳುವುದಿತ್ತು.

ಓಟ ಶುರು ಮಾಡಲು ಹಾರಿಸುವ ಪಿಸ್ತೂಲು ಅಭ್ಯಾಸದಲ್ಲಿಲ್ಲ. ‘ಸೆಟ್’ ಎಂದು ಕೂಗಿ, ಒಂದು ಉಸಿರು ತಡೆದು ಅವರು ಚಪ್ಪಾಳೆ ತಟ್ಟುವರು, ಮಕ್ಕಳು ಚಿಮ್ಮುವರು. ಮಗಳು ಆ ಚಪ್ಪಾಳೆಗೇ ಬೆಳೆದವಳು.

ಹೈಸ್ಕೂಲಿನ ಕೊನೆಯ ವರ್ಷ ಒಂದು ಮೀಟ್ ಇತ್ತು. ಗೆದ್ದರೆ ಇಡೀ ಪ್ರಾಂತ್ಯದ ಓಟಕ್ಕೆ ಹೋಗಬಹುದು. ಅವಳಿಗೆ ಬೇಕಾದದ್ದು ಅದೊಂದೇ. ಓಟ ಶುರು ಮಾಡಿಸಬೇಕಾದ ಸ್ಟಾರ್ಟರ್ ಆ ದಿನ ಬರಲಿಲ್ಲ, ಪಿಸ್ತೂಲು ಕೋಚ್ ಕೈಗೆ ಬಂತು. ನಮ್ಮವರೇ ಇದ್ದಾರಲ್ಲ ಎಂದು ನನಗೆ ಒಳಗೊಳಗೇ ಖುಷಿ. ‘ಸೆಟ್’ ಎಂದರು. ಪಕ್ಕದ ಲೇನಿನ ಹುಡುಗಿ ಇನ್ನೂ ಸ್ಥಿರವಾಗಿರಲಿಲ್ಲ, ಸ್ವಲ್ಪ ತಡೆದರು. ಅವರ ಎಂದಿನ ಒಂದು ಉಸಿರು ಮುಗಿದಿತ್ತು. ಗುಂಡಿಗೆ ಮೊದಲೇ ಮಗಳು ಚಿಮ್ಮಿಬಿಟ್ಟಳು.

ಕೋಚ್ ಕೆಂಪು ಕಾರ್ಡು ಎತ್ತಿದರು. ಅವಳು ಓಟದಿಂದ ಹೊರಗೆ. ಆಮೇಲೆ ಪಿಸ್ತೂಲನ್ನು ಇನ್ನೊಬ್ಬರ ಕೈಯಲ್ಲಿ ಹಿಡಿಸಿ ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. ಅವಳು ಅದನ್ನು ತಳ್ಳಿದಳು. ಅವರು ಕೈ ತೆಗೆದರು, ಜೊತೆಗೆ ನಡೆಯುವುದನ್ನು ಬಿಡಲಿಲ್ಲ. ಮೈದಾನವೆಲ್ಲ ಅವರಿಗಾಗಿ ಕಾಯುತ್ತಿತ್ತು. ಬೇಲಿಯವರೆಗೆ ಬಂದು, ಅವಳನ್ನು ನನ್ನ ಹತ್ತಿರ ಬಿಟ್ಟು ಹಿಂದಿರುಗಿದರು. ಸುಳ್ಳೇಕೆ ಹೇಳಲಿ, ನನಗೂ ಸಿಟ್ಟು ಬಂದಿತ್ತು.

ಭಾನುವಾರ ಅವರು ಮನೆಗೆ ಬಂದರು. ಸಿಟ್ಟಿದ್ದರೇನು, ಬಂದವರಿಗೆ ಊಟ ಹಾಕದೆ ಇರಲಾಗುತ್ತದೆಯೇ? ಕೋರಿ ರೊಟ್ಟಿ ಬಡಿಸಿದೆ. ಮಗಳು ಮೇಲಿಂದಲೇ, “ಟೆಲ್ ಹಿಮ್ ಐ ಕ್ವಿಟ್, ಅಮ್ಮ” ಎಂದಳು. ಅವರು ಮೆಟ್ಟಿಲಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ನನ್ನೊಡನೆ ಮಾತಾಡತೊಡಗಿದರು.

“ನಮ್ಮ ದೇಶಕ್ಕೆಲ್ಲ ಒಬ್ಬನೇ ಸ್ಟಾರ್ಟರ್. ಸ್ಕೂಲಿನ ರೇಸಿಗೂ ಅವನೇ, ನ್ಯಾಷನಲ್ ರೇಸಿಗೂ ಅವನೇ. ಅವನು ಎಷ್ಟು ತಡೆಯುತ್ತಾನೆ ಅಂತ ನನ್ನ ಮೈಗೆ ಬಾಯಿಪಾಠ ಆಗಿತ್ತು.”

ಜಗತ್ತಿನವರೆಲ್ಲ ಸೇರಿದ ಕೂಟಕ್ಕೆ ದೇಶ ಅವರೊಬ್ಬರನ್ನೇ ಕಳಿಸಿತ್ತು, ಜೊತೆಗೆ ಕೋಚೂ ಇರಲಿಲ್ಲ. ಅಲ್ಲಿ ಪಿಸ್ತೂಲು ಹಿಡಿದವನು ಬೇರೆ, ಅವನು ತುಸು ಹೆಚ್ಚು ತಡೆದ. ಇವರ ಮೈ ಊರಿನ ಲೆಕ್ಕಕ್ಕೆ ಎದ್ದುಬಿಟ್ಟಿತು. ಕೆಂಪು ಕಾರ್ಡು. ಅವರ ದೊಡ್ಡ ಓಟ ಅದೊಂದೇ, ಓಡದೆಯೇ ಮುಗಿಯಿತು. ಅಷ್ಟು ದೊಡ್ಡ ಸ್ಟೇಡಿಯಮ್ಮಿನಿಂದ ಒಬ್ಬನೇ ಹೊರಗೆ ನಡೆದೆ, ಅದನ್ನು ಮಾತ್ರ ಯಾವ ಮಗುವಿಗೂ ಮಾಡಿಸಲಾರೆ ಎಂದರು. ಊರಿಗೆ ಹೋದಾಗ ಅವರ ತಾಯಿ ಬೀದಿಯವರಿಗೆಲ್ಲ, ಎಂಟು ಜನರಲ್ಲಿ ಮೊದಲು ಎದ್ದವನು ನನ್ನ ಮಗನೇ ಎಂದು ಹೇಳಿಕೊಂಡಿದ್ದರಂತೆ.

ಮೆಟ್ಟಿಲಲ್ಲಿ ಮಗಳು ಫಕ್ಕನೆ ನಕ್ಕಳು. ನಕ್ಕ ಮೇಲೆ ಸಿಟ್ಟು ಹಿಡಿದು ಕೂರುವುದು ಕಷ್ಟ. ಕೆಳಗೆ ಬಂದು ತನ್ನ ತಟ್ಟೆ ತೆಗೆದುಕೊಂಡಳು.

“ನನ್ನ ತಪ್ಪನ್ನೇ ನಿನಗೆ ಕಲಿಸಿದೆ. ಸಾರಿ,” ಎಂದರು ಕೋಚ್.

ಮುಂದಿನ ವಾರದಿಂದ ಚಪ್ಪಾಳೆ ತಟ್ಟುವ ಕೆಲಸ ಅಪ್ಪ ಅಮ್ಮಂದಿರದ್ದಾಯಿತು, ದಿನಕ್ಕೊಬ್ಬರು. ನನ್ನದು ಭಜನೆಯ ತಾಳದ ಹಾಗಿದೆ ಎಂದು ಮಕ್ಕಳ ದೂರು. ಪ್ರಾಂತ್ಯದ ಓಟಕ್ಕೆ ಮಗಳು ಕೊನೆಗೂ ಹೋಗಲಿಲ್ಲ. ಓಡುವುದನ್ನು ಮಾತ್ರ ಬಿಡಲಿಲ್ಲ.

ಹೋದ ಚಳಿಗಾಲದಲ್ಲಿ ಕೋಚ್ ತೀರಿಕೊಂಡರು. ನನಗೆ ಮನೆಯ ಹಿರಿಯರೇ ಹೋದಷ್ಟು ಸಂಕಟವಾಯಿತು. ಬೇರೆ ಊರಲ್ಲಿ ಓದುತ್ತಿರುವ ಮಗಳಿಗೆ ಫೋನ್ ಮಾಡಿ ಹೇಳಿದೆ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅಂದು ಕನ್ನಡದಲ್ಲಿ ಹೇಳಿದಳು:

“ಅಮ್ಮ, ನಾನು ಅವತ್ತು ಅವರ ಕೈ ತಳ್ಳಿದೆ.”

“ತಳ್ಳಿದ ಮೇಲೂ ನಿನ್ನೊಟ್ಟಿಗೆ ಬಂದರಲ್ಲ ಮಗಾ,” ಎಂದೆ.